ಜಠರ ಎಲ್ಲಿದೆ, ಕೈ ಇಟ್ಟು ತೋರಿಸಿ: ಉಸಿರಿನ ದಾರಿ, ಅನ್ನದ ದಾರಿ ಕಲಿಯುವ ಬಗೆ

ಜಠರ ಎಲ್ಲಿದೆ ತೋರಿಸಿ ಅಂದರೆ ಹೆಚ್ಚಿನವರು ಹೊಕ್ಕುಳ ಮೇಲೆ ಕೈ ಇಡುತ್ತಾರೆ. ಅಲ್ಲಿರೋದು ಸಣ್ಣ ಕರುಳು. ಜಠರ ಇನ್ನೂ ಮೇಲೆ, ಎಡಗಡೆ, ಪಕ್ಕೆಲುಬಿನ ಮರೆಯಲ್ಲಿದೆ. ಶ್ವಾಸಕೋಶ ತೋರಿಸಿ ಅಂದರೆ ಎದೆ ಮುಟ್ಟಿಕೊಳ್ಳುತ್ತಾರೆ, ಬೆನ್ನು ಯಾರೂ ತೋರಿಸುವುದಿಲ್ಲ. ಶ್ವಾಸಕೋಶದ ಕೆಳಗಿನ ಹಾಲೆಗಳು, ಅಂದರೆ ಕೆಳಗಿನ ಭಾಗಗಳು, ಹೆಚ್ಚುಕಮ್ಮಿ ಪೂರ್ತಿ ಬೆನ್ನಿನ ಕಡೆಗೇ ಇವೆ.

ನಾನು ನರ್ಸಿಂಗ್ ಶಾಲೆಯಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದವರಿಗೆ ಅನಾಟಮಿ, ಅಂದರೆ ದೇಹರಚನೆ, ಹೇಳಿಕೊಡುವವಳು. ಅದಕ್ಕೂ ಮೊದಲು ವಾರ್ಡಿನಲ್ಲಿದ್ದೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೇ ಜಾಸ್ತಿ. ಪುಸ್ತಕದ ಮೊದಲ ಪುಟದಲ್ಲೇ ಇಪ್ಪತ್ತು ಹೊಸ ಹೆಸರು ನೋಡಿ ಗಾಬರಿಯಾಗುತ್ತಾರೆ, ಆಮೇಲೆ ಬಾಯಿಪಾಠಕ್ಕೆ ಕೂರುತ್ತಾರೆ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮಾರನೇ ದಿನ ಹೋಗುತ್ತದೆ. ಕೈಯಿಂದ ಮುಟ್ಟಿ ಕಲಿತದ್ದು ರೋಗಿಯ ಮುಂದೆ ನಿಂತಾಗ ತಾನೇ ನೆನಪಿಗೆ ಬರುತ್ತದೆ. ಹಾಗಾಗಿ ನನ್ನ ಕ್ರಮ ಇಷ್ಟೇ: ಮೊದಲು ನಿಮ್ಮ ಮೈಮೇಲೆ ಜಾಗ ಹುಡುಕಿ, ಆಮೇಲೆ ಹೆಸರು ಕಲಿಯಿರಿ, ಚಿತ್ರ ಬರೆಯೋದು ಕೊನೆಗೆ. ನರ್ಸಿಂಗ್ ಓದದವರೂ ಇದನ್ನು ಮನೆಯಲ್ಲಿ ಮಾಡಿ ನೋಡಬಹುದು.

ಬೇಕಾಗಿರೋದು: ಒಂದು ಟೈಲರ್ ಟೇಪು, ಹೂ ಕಟ್ಟುವ ನೂಲು, ಒಂದು ಶೀಟ್ ಸ್ಟಿಕರ್ ಬಿಂದಿ, ಒಂದು ಪುಟ್ಟ ಕನ್ನಡಿ. ಸ್ಟೆತಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಕಾಗದ ಸುರುಳಿ ಸುತ್ತಿಕೊಳ್ಳಿ. ಪ್ಯಾರಿಸಿನಲ್ಲಿ ಲೆನೆಕ್ ಅನ್ನುವ ವೈದ್ಯರು 1816ರಲ್ಲಿ ಶುರು ಮಾಡಿದ್ದೂ ಕಾಗದದ ಸುರುಳಿಯಿಂದಲೇ. ಜೊತೆಗೆ ಒಬ್ಬ ಗೆಳತಿಯೋ ತಮ್ಮನೋ ಬೇಕು, ನಿಮ್ಮ ಬೆನ್ನನ್ನು ನೀವೇ ತಟ್ಟಿ ನೋಡಲು ಆಗುವುದಿಲ್ಲವಲ್ಲ.

ಶುರು ಗಂಟಲಿನಿಂದ

ಪುಸ್ತಕಗಳು ಮೂಗಿನಿಂದ ಶುರು ಮಾಡುತ್ತವೆ. ನಾನು ಗಂಟಲಿನಿಂದ ಶುರು ಮಾಡುತ್ತೇನೆ. ಎರಡೂ ದಾರಿ ಒಂದನ್ನೊಂದು ದಾಟುವುದು ಅಲ್ಲೇ. ಗಾಳಿ ಹಿಂದಿನಿಂದ ಬಂದು ಮುಂದಿನ ಕೊಳವೆಗೆ ಹೋಗಬೇಕು. ಅನ್ನ ಮುಂದಿನಿಂದ ಬಂದು ಹಿಂದಿನ ಕೊಳವೆಗೆ ಹೋಗಬೇಕು. ಇದೊಂದು ತಲೆಗೆ ಹೋದರೆ ಉಳಿದದ್ದು ಸುಲಭ.

ಗಂಟಲಿನ ಮುಂದಿನ ಉಬ್ಬಿನ ಮೇಲೆ ಎರಡು ಬೆರಳಿಡಿ. ಹೆಂಗಸರಲ್ಲಿ ಉಬ್ಬು ಚಿಕ್ಕದು, ಆದರೆ ಸಿಗುತ್ತದೆ. ಅದು ಥೈರಾಯ್ಡ್ ಕಾರ್ಟಿಲೇಜ್, ಧ್ವನಿಪೆಟ್ಟಿಗೆಯ ಮುಂಗೋಡೆ. ‘ಮ್…’ ಅಂತ ಗುನುಗಿ, ಬೆರಳಿಗೆ ನಡುಕ ತಿಳಿಯುತ್ತದೆ. ಈಗ ಎಂಜಲು ನುಂಗಿ. ಉಬ್ಬು ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿಯಿತು ಅಲ್ವಾ? ಧ್ವನಿಪೆಟ್ಟಿಗೆ ಮೇಲೇರಿ ನಾಲಗೆಯ ಬುಡದ ಕೆಳಗೆ ಸೇರಿಕೊಳ್ಳುತ್ತದೆ, ಎಪಿಗ್ಲಾಟಿಸ್ ಅನ್ನುವ ಎಲೆಯಂಥ ಮುಚ್ಚಳ ಅದರ ಬಾಯಿಯ ಮೇಲೆ ಬಾಗುತ್ತದೆ, ಒಳಗಿನ ಧ್ವನಿತಂತುಗಳೂ ಮುಚ್ಚಿಕೊಳ್ಳುತ್ತವೆ. ಅಷ್ಟು ಹೊತ್ತು ಉಸಿರು ನಿಂತಿರುತ್ತದೆ. ನುಂಗುತ್ತಾ ಉಸಿರೆಳೆಯಲು ಪ್ರಯತ್ನಿಸಿ, ಆಗುವುದಿಲ್ಲ.

ಊಟದ ನಡುವೆ ನಕ್ಕಾಗ ನೆತ್ತಿಗೆ ಹತ್ತುವುದು ಇದೇ ಕಾರಣಕ್ಕೆ. ಮುಚ್ಚಬೇಕಾದ ಹೊತ್ತಿಗೆ ನಗು ಬಾಗಿಲು ತೆರೆಸಿಬಿಡುತ್ತದೆ. ಯಾರೋ ನೆನೆಸಿಕೊಂಡರು ಅಂತ ಅಜ್ಜಿ ತಲೆ ತಟ್ಟುತ್ತಾರೆ. ತಟ್ಟಲಿ, ಪ್ರೀತಿ. ಆದರೆ ಕೆಲಸ ಮಾಡುವುದು ಕೆಮ್ಮು. ಪ್ರಜ್ಞೆ ಇಲ್ಲದ ರೋಗಿಗೆ, ಪಾರ್ಶ್ವವಾಯು ಆಗಿ ನುಂಗಲು ಕಷ್ಟ ಇರುವವರಿಗೆ ಬಾಯಿಗೆ ನೀರು ಹಾಕಬೇಡಿ ಅಂತ ನಾವು ಸಂಬಂಧಿಕರನ್ನು ಗದರುವುದೂ ಇದಕ್ಕೇ. ಬಾಯಿ ಒಣಗಿದೆ ಪಾಪ ಅಂತ ಒಂದು ಚಮಚ ಹಾಕುತ್ತಾರೆ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಮೂಗಿಗೆ ಒಂದೇ ಪರೀಕ್ಷೆ ಸಾಕು. ಕನ್ನಡಿಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು ಉಸಿರು ಬಿಡಿ. ಎರಡು ಮಂಜಿನ ಕಲೆ ಬೀಳುತ್ತವೆ. ಸಾಮಾನ್ಯವಾಗಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಕೆಲವು ಗಂಟೆ ಬಿಟ್ಟು ನೋಡಿದರೆ ಅದಲುಬದಲಾಗಿರಬಹುದು. ಮೂಗಿನ ಒಳಗೋಡೆಯ ಒಂದು ಕಡೆ ರಕ್ತ ತುಂಬಿ ಊದಿಕೊಂಡಿರುತ್ತದೆ, ಆಮೇಲೆ ಆ ಪಾಳಿ ಇನ್ನೊಂದು ಕಡೆಗೆ ಹೋಗುತ್ತದೆ. ಕಾಯಿಲೆ ಅಲ್ಲ. ಗಾಳಿಯನ್ನು ಬೆಚ್ಚಗೆ ಮಾಡುವುದು, ತೇವ ಮಾಡುವುದು, ಧೂಳು ಹಿಡಿಯುವುದು ಮೂಗಿನ ಕೆಲಸ. ಬಾಯಲ್ಲಿ ಉಸಿರಾಡಿದ ರಾತ್ರಿಯ ಮಾರನೇ ಬೆಳಗ್ಗೆ ಗಂಟಲು ಒಣಗಿರುತ್ತದಲ್ಲ, ಅದೇ ಸಾಕ್ಷಿ.

ಎದೆಮೂಳೆಯ ಗೆರೆ

ಕತ್ತಿನ ಬುಡದಲ್ಲಿ, ಎರಡು ಕಾಲರ್ ಬೋನ್ ನಡುವೆ ಒಂದು ಗುಳಿ ಇದೆ. ಅಲ್ಲಿಂದ ಎದೆಮೂಳೆಯ ಮೇಲೆ ಬೆರಳು ಜಾರಿಸುತ್ತಾ ಬನ್ನಿ. ಸುಮಾರು 5 ಸೆಂ.ಮೀ. ಕೆಳಗೆ ಒಂದು ಅಡ್ಡ ದಿಬ್ಬ ಸಿಗುತ್ತದೆ. ಅಲ್ಲಿ ಒಂದು ಬಿಂದಿ ಅಂಟಿಸಿ. ಇಡೀ ಎದೆಯಲ್ಲಿ ನಾನು ಅತಿ ಹೆಚ್ಚು ಬಳಸುವ ಗುರುತು ಇದು. ಬೆರಳನ್ನು ಅಲ್ಲಿಂದ ಪಕ್ಕಕ್ಕೆ ಸರಿಸಿದರೆ ಎರಡನೇ ಪಕ್ಕೆಲುಬು. ಮೊದಲನೆಯದು ಕಾಲರ್ ಬೋನ್ ಕೆಳಗೆ ಅವಿತಿರುವುದರಿಂದ ಎಣಿಕೆ ಯಾವಾಗಲೂ ಇಲ್ಲಿಂದ. ಮತ್ತೆ ಈ ಗೆರೆಯ ಮಟ್ಟದಲ್ಲೇ, ಒಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ.

ಶ್ವಾಸನಾಳದ ಉದ್ದ 10ರಿಂದ 12 ಸೆಂ.ಮೀ. ಗುಳಿಯಲ್ಲಿ ಮೆತ್ತಗೆ ಬೆರಳಿಟ್ಟರೆ ಗಟ್ಟಿ ಉಂಗುರಗಳು ಕೈಗೆ ಸಿಗುತ್ತವೆ. 16ರಿಂದ 20 ಇರುತ್ತವೆ. ಪೂರ್ತಿ ಉಂಗುರ ಅಲ್ಲ, ಹಿಂಭಾಗ ತೆರೆದಿದೆ, ಇಂಗ್ಲಿಷಿನ ‘ಸಿ’ ಆಕಾರ. ಹಿಂದೆ ಅನ್ನನಾಳ ಅಂಟಿಕೊಂಡೇ ಇಳಿಯುತ್ತದೆ. ದೊಡ್ಡ ತುತ್ತು ಇಳಿಯುವಾಗ ಅನ್ನನಾಳ ಹಿಗ್ಗಲು ಮೆತ್ತನೆಯ ಜಾಗ ಬೇಕಲ್ಲ.

ಕವಲಿನಲ್ಲಿ ಎಡಬಲ ಒಂದೇ ರೀತಿ ಇಲ್ಲ. ಬಲಗವಲು ಅಗಲ, ಗಿಡ್ಡ, ಹೆಚ್ಚು ನೇರ. ಉದ್ದ ಸುಮಾರು 2.5 ಸೆಂ.ಮೀ. ಎಡಗವಲು ಹೃದಯದ ಕಡೆಯಿಂದ ಬಳಸಿ ಹೋಗಬೇಕು, ಅದು ಸುಮಾರು 5 ಸೆಂ.ಮೀ. ಅದಕ್ಕೇ ಮಗು ಕಡಲೆಬೀಜ ತಿನ್ನುತ್ತಾ ಓಡಿ ಬಿದ್ದರೆ ಬೀಜ ಬಹಳ ಸಲ ಬಲಗಡೆಗೇ ಹೋಗುತ್ತದೆ. ಮಗು ಮೊದಲು ಜೋರಾಗಿ ಕೆಮ್ಮುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಮನೆಯವರು ಸರಿಹೋಯಿತು ಅಂದುಕೊಳ್ಳುತ್ತಾರೆ. ಕೆಲವು ದಿನ ಬಿಟ್ಟು ಜ್ವರ, ಕೆಮ್ಮು. ಒಂದು ಕಡೆ ಮಾತ್ರ ಗಾಳಿ ಸದ್ದು ಕಡಿಮೆ ಇದ್ದರೆ ‘ಏನಾದರೂ ತಿನ್ನುವಾಗ ಕೆಮ್ಮಿತ್ತಾ?’ ಅಂತ ಕೇಳಲೇಬೇಕು. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ. ಗಂಟಲಿಗೆ ಏನಾದರೂ ಸಿಕ್ಕಿದಾಗ ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಶ್ವಾಸಕೋಶದ ಅಂಚು ಗುರುತಿಸಿ

ತುದಿ ಕಾಲರ್ ಬೋನ್‌ಗಿಂತ ಎರಡು ಮೂರು ಸೆಂ.ಮೀ. ಮೇಲಿದೆ, ಅಂದರೆ ಕತ್ತಿನ ಬುಡದಲ್ಲಿ! ಬಿಂದಿ ಅಂಟಿಸಿದಾಗ ಎಲ್ಲರಿಗೂ ಆಶ್ಚರ್ಯ. ಕೆಳ ಅಂಚಿಗೆ ಮೂರು ಅಂಕಿ ನೆನಪಿಡಿ: 6, 8, 10. ಮುಂದೆ ಕಾಲರ್ ಬೋನಿನ ನಡುವಿನಿಂದ ನೇರ ಕೆಳಗಿಳಿದರೆ 6ನೇ ಪಕ್ಕೆಲುಬು, ಕಂಕುಳಿನಿಂದ ಇಳಿದರೆ 8ನೆಯದು, ಬೆನ್ನಲ್ಲಿ 10ನೆಯದು. ಅಂಚು ಹಿಂದಕ್ಕೆ ಹೋದಂತೆ ಇಳಿಯುತ್ತಾ ಹೋಗುತ್ತದೆ. ಬಿಂದಿಗಳನ್ನು ನೂಲಿನಿಂದ ಸೇರಿಸಿದರೆ ಓರೆ ಗೆರೆ ಕಾಣುತ್ತದೆ. ಬಲಗಡೆ ಮೂರು ಹಾಲೆ, ಎಡಗಡೆ ಎರಡು. ಎಡದಲ್ಲಿ ಹೃದಯಕ್ಕೆ ಜಾಗ ಬಿಟ್ಟ ಕಚ್ಚು ಇದೆ. ನ್ಯುಮೋನಿಯಾ ರೋಗಿಯ ಮುಂಭಾಗ ಮಾತ್ರ ಆಲಿಸಿ ‘ಕ್ಲಿಯರ್ ಇದೆ ಮೇಡಂ’ ಅನ್ನುವವರನ್ನು ನಾನು ವಾಪಸ್ ಕಳಿಸುತ್ತೇನೆ. ಎಬ್ಬಿಸಿ ಕೂರಿಸಿ ಬೆನ್ನು ಕೇಳಬೇಕು.

ಈಗ ತಟ್ಟುವ ಪಾಠ. ಎಡಗೈ ಮಧ್ಯದ ಬೆರಳನ್ನು ಚರ್ಮಕ್ಕೆ ಒತ್ತಿ ಇಡಿ. ಬಲಗೈ ಮಧ್ಯದ ಬೆರಳ ತುದಿಯಿಂದ ಅದರ ಮೇಲೆ ಎರಡು ಸಲ ಹೊಡೆಯಿರಿ. ಮಣಿಕಟ್ಟು ಮಾತ್ರ ಆಡಬೇಕು, ಮೊಣಕೈ ಅಲ್ಲ. ಬಲ ಎದೆಯಲ್ಲಿ 2ನೇ ಪಕ್ಕೆಲುಬಿನಿಂದ ಕೆಳಗೆ ಬನ್ನಿ. ಮೊದಲು ಟೊಳ್ಳು ಸದ್ದು. 5ನೆಯದೋ 6ನೆಯದೋ ಹತ್ತಿರ ಸದ್ದು ಸತ್ತಂತಾಗುತ್ತದೆ. ಅಲ್ಲಿ ಲಿವರ್ ಶುರು. ಅದೇ ಜಾಗದಲ್ಲಿ ಬೆರಳಿಟ್ಟು ಉಸಿರನ್ನು ಪೂರ್ತಿ ಒಳಗೆಳೆದು ತಡೆಹಿಡಿಯಿರಿ, ಮತ್ತೆ ತಟ್ಟಿ. ಈಗ ಟೊಳ್ಳು! ಲಿವರ್ ಕೆಳಗಿಳಿದಿದೆ, ಆ ಜಾಗಕ್ಕೆ ಶ್ವಾಸಕೋಶ ಬಂದಿದೆ. ಇಳಿಸಿದ್ದು ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದಂತೆ ಹರಡಿರುವ ಸ್ನಾಯು. ಕಣ್ಣಿಗೆ ಕಾಣದ ವಪೆಯನ್ನು ಹೀಗೆ ಕಿವಿಯಿಂದ ನೋಡಬಹುದು. ವಿಯೆನ್ನಾದಲ್ಲಿ ಔವೆನ್‌ಬ್ರುಗ್ಗರ್ ಅನ್ನುವ ವೈದ್ಯರು 1761ರಲ್ಲಿ ಈ ವಿದ್ಯೆಯನ್ನು ಪ್ರಕಟಿಸಿದರು. ವಸತಿಗೃಹ ನಡೆಸುತ್ತಿದ್ದವರ ಮಗ. ಪೀಪಾಯಿ ತಟ್ಟಿ ಮದ್ಯ ಎಷ್ಟಿದೆ ಅಂತ ತಿಳಿಯುವುದನ್ನು ನೋಡಿ ಹೊಳೆಯಿತು ಅಂತ ಹೇಳುತ್ತಾರೆ.

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಸ್ನಾಯು ಇಲ್ಲ. ವಪೆ ಇಳಿದು ಪಕ್ಕೆಲುಬು ಏಳುತ್ತದೆ, ಎದೆಗೂಡು ದೊಡ್ಡದಾಗುತ್ತದೆ, ಗಾಳಿ ನುಗ್ಗುತ್ತದೆ. ಮಲಗಿ ಹೊಟ್ಟೆ ಮೇಲೆ ಒಂದು ಪುಸ್ತಕ ಇಟ್ಟುಕೊಳ್ಳಿ, ಉಸಿರೆಳೆದಾಗ ಪುಸ್ತಕ ಏಳುತ್ತದೆ. ಟೇಪನ್ನು ಎದೆಗೆ ಸುತ್ತಿ, ಪೂರ್ತಿ ಬಿಟ್ಟಾಗ ಮತ್ತು ಪೂರ್ತಿ ಎಳೆದಾಗ ಅಳೆಯಿರಿ. ಆರೋಗ್ಯವಂತ ಹರೆಯದವರಲ್ಲಿ 5 ಸೆಂ.ಮೀ. ಆಸುಪಾಸು ವ್ಯತ್ಯಾಸ ಬರುತ್ತದೆ. ಶಾಲೆಗಳಲ್ಲಿ ಬಾಟಲಿಯೊಳಗೆ ಬಲೂನು ಕಟ್ಟಿ ತೋರಿಸುವ ಮಾದರಿ ಒಳ್ಳೆಯದೇ, ಆದರೆ ಬಲೂನು ಮತ್ತು ಬಾಟಲಿ ನಡುವೆ ಅಷ್ಟು ದೊಡ್ಡ ಖಾಲಿ ಜಾಗ ನಮ್ಮೊಳಗಿಲ್ಲ. ಶ್ವಾಸಕೋಶವನ್ನು ಸುತ್ತಿರುವ ಪ್ಲೂರಾದ ಎರಡು ಪೊರೆಗಳ ನಡುವೆ ಇರೋದು ತೆಳುವಾದ ದ್ರವದ ಪದರ ಅಷ್ಟೇ. ಅಲ್ಲಿ ಗಾಳಿ ಸೇರಿದರೆ ಶ್ವಾಸಕೋಶ ಕುಸಿಯುತ್ತದೆ.

ಸುಮ್ನೆ ಕೂತಾಗ ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ 150 ಮಿ.ಲೀ. ಕೊಳವೆಗಳಲ್ಲೇ ಉಳಿದು ವಾಪಸ್ ಬರುತ್ತದೆ. ಹಾಗಾಗಿ ನಾಯಿಯಂತೆ ಬೇಗ ಬೇಗ ಮೇಲುಸಿರು ಎಳೆಯುವ ರೋಗಿಗೆ ನಿಜವಾದ ಗಾಳಿ ಸಿಗುವುದು ಕಡಿಮೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರು. ಎಣಿಸುವಾಗ ಎಣಿಸುತ್ತೇನೆ ಅಂತ ಹೇಳಬೇಡಿ, ಹೇಳಿದರೆ ಉಸಿರಾಟ ಬದಲಾಗುತ್ತದೆ. ನಾಡಿ ಹಿಡಿದಂತೆ ಕೈ ಹಿಡಿದುಕೊಂಡು ಎದೆ ನೋಡಿ ಎಣಿಸಿ, ಪೂರ್ತಿ ಒಂದು ನಿಮಿಷ. ಒಳಗೆ ಕೊನೆಗಿರುವುದು ಗಾಳಿಗೂಡುಗಳು, 30 ಕೋಟಿಗೂ ಹೆಚ್ಚು. ಅವುಗಳ ಗೋಡೆ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳು. ಆಮ್ಲಜನಕ ರಕ್ತಕ್ಕೆ ಸೇರುವುದು, ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುವುದು ಅಲ್ಲಿ. ಒಳಗೆ ಹೋದ ಗಾಳಿಯಲ್ಲಿ 21% ಆಮ್ಲಜನಕ, ಬಿಟ್ಟ ಗಾಳಿಯಲ್ಲಿ ಇನ್ನೂ ಸುಮಾರು 16% ಉಳಿದಿರುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರೆ ಜೀವ ಉಳಿಯೋದು ಈ 16ರಿಂದ.

ಮಾಂಸ ಮುಟ್ಟಲು ಅಡ್ಡಿ ಇಲ್ಲದವರು ಮಟನ್ ಅಂಗಡಿಯಲ್ಲಿ ಶ್ವಾಸನಾಳದ ಸಮೇತ ಶ್ವಾಸಕೋಶ ಕೇಳಿ ತನ್ನಿ. ಕೈಗವಸು ಹಾಕಿ. ಬಾಯಿಂದ ಊದಬೇಡಿ, ಸೈಕಲ್ ಪಂಪಿನ ಕೊಳವೆ ತೂರಿಸಿ ಮೆಲ್ಲಗೆ ಗಾಳಿ ಹೊಡೆಯಿರಿ. ಕೆಂಪಗೆ ಮುದುಡಿದ್ದು ತಿಳಿ ಗುಲಾಬಿಯಾಗಿ ಉಬ್ಬಿ ಬರುತ್ತದೆ, ಬಿಟ್ಟರೆ ತಾನೇ ಕುಗ್ಗುತ್ತದೆ. ಒಂದು ತುಂಡು ಕತ್ತರಿಸಿ ನೀರಿಗೆ ಹಾಕಿ, ತೇಲುತ್ತದೆ. ಲಿವರ್ ತುಂಡು ಮುಳುಗುತ್ತದೆ. ಒಂದು ಎಚ್ಚರಿಕೆ: ಆಡು ಕುರಿಗಳಲ್ಲಿ ಮುಖ್ಯ ಕವಲಿಗಿಂತ ಮೇಲೆಯೇ ಬಲಗಡೆಗೆ ಒಂದು ಟಿಸಿಲು ಒಡೆಯುತ್ತದೆ. ಅದನ್ನು ನೋಡಿ ಮನುಷ್ಯನ ಚಿತ್ರದಲ್ಲಿ ಬರೆದುಬಿಡಬೇಡಿ. ಅವುಗಳ ಜಠರವನ್ನಂತೂ ಪಾಠಕ್ಕೆ ತರಲೇಬೇಡಿ, ಅದಕ್ಕೆ ನಾಲ್ಕು ಕೋಣೆ.

ನೂಲು ಹಿಡಿದು ಜಠರಕ್ಕೆ

ಅನ್ನದ ದಾರಿಯನ್ನು ನಾನು ರೈಲ್ಸ್ ಟ್ಯೂಬಿನ ಅಳತೆಯಿಂದ ಶುರು ಮಾಡುತ್ತೇನೆ. ಬಾಯಲ್ಲಿ ತಿನ್ನಲಾಗದವರಿಗೆ ಮೂಗಿನಿಂದ ಜಠರಕ್ಕೆ ಇಳಿಸುವ ಕೊಳವೆ ಅದು. ನೂಲಿನ ಒಂದು ತುದಿಯನ್ನು ಮೂಗಿನ ತುದಿಗೆ ಇಡಿ, ಕಿವಿಯ ಹಾಲೆಗೆ ಎಳೆಯಿರಿ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ. ಆ ಉದ್ದವನ್ನು ಟೇಪಿನಲ್ಲಿ ನೋಡಿ, ದೊಡ್ಡವರಲ್ಲಿ 50 ಸೆಂ.ಮೀ. ಹತ್ತಿರ ಬರುತ್ತದೆ. ಬಾಯಿಯ ದಾರಿಯಾದರೆ ಮುಂದಿನ ಹಲ್ಲಿನಿಂದ ಜಠರದ ಬಾಗಿಲಿಗೆ ಸುಮಾರು 40. ಅದರಲ್ಲಿ ಅನ್ನನಾಳದ ಪಾಲು 25. ನಾನು ಹೇಳಿದ್ದು ಕಲಿಯಲು ಮಾತ್ರ, ಕೊಳವೆ ಹಾಕುವುದು ತರಬೇತಿ ಪಡೆದವರ ಕೆಲಸ.

ಅನ್ನನಾಳ ಎದೆಯೊಳಗೆ ಹೃದಯದ ಹಿಂದೆಯೇ ಇಳಿಯುತ್ತದೆ. ಎದೆಯುರಿಯನ್ನು ಹೃದಯದ ನೋವು ಅಂತಲೂ, ಹೃದಯದ ನೋವನ್ನು ಗ್ಯಾಸ್ ಅಂತಲೂ ಜನ ತಪ್ಪು ತಿಳಿಯಲು ಇದೂ ಒಂದು ಕಾರಣ. ಎರಡನೇ ತಪ್ಪು ಜೀವ ತೆಗೆಯುತ್ತದೆ. ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಇದ್ದರೆ ಸೋಡಾ ಕುಡಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಜಠರವನ್ನು ಹುಡುಕಲು ಮತ್ತೆ ತಟ್ಟಿ. ಬೆಳಗ್ಗೆ ತಿಂಡಿಗೆ ಮೊದಲು, ಎಡಗಡೆ ಕೆಳ ಪಕ್ಕೆಲುಬುಗಳ ಮೇಲೆ. ಡೋಲಿನಂಥ ಸದ್ದು ಬರುತ್ತದೆ, ಅದು ಜಠರದ ಮೇಲ್ಭಾಗದಲ್ಲಿ ಕೂತ ಗಾಳಿ. ನಾಲ್ಕು ಇಡ್ಲಿ ತಿಂದು ಬಂದು ಮತ್ತೆ ತಟ್ಟಿ, ಸದ್ದು ಮಂಕಾಗಿರುತ್ತದೆ. ಜಠರದ ಆಮ್ಲ ಜೋರು, ಪಿಎಚ್ 1.5ರಿಂದ 3.5 (ಈ ಅಂಕಿ ಕಡಿಮೆಯಾದಷ್ಟೂ ಆಮ್ಲ ಜೋರು). ಊಟವನ್ನು ಕಲಸಿ, ಎರಡರಿಂದ ನಾಲ್ಕು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಂದೆ ಬಿಡುತ್ತದೆ. ಎಣ್ಣೆ ಜಿಡ್ಡು ಜಾಸ್ತಿ ಇದ್ದರೆ ಇನ್ನೂ ತಡ.

ಜೀವಂತ ಜಠರದೊಳಗೆ ಏನು ನಡೆಯುತ್ತದೆ ಅಂತ ಮೊದಲು ವಿವರವಾಗಿ ನೋಡಿದ್ದು ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಯುವಕನಿಗೆ ಹತ್ತಿರದಿಂದ ಗುಂಡು ತಗುಲಿತು. ಬದುಕಿದ, ಆದರೆ ಜಠರಕ್ಕೆ ಒಂದು ರಂಧ್ರ ಉಳಿದೇಹೋಯಿತು. 1825ರಿಂದ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಾಂಸ, ಬ್ರೆಡ್ಡು, ಎಲೆಕೋಸು ಕಟ್ಟಿ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದರು. ಜಠರ ಬರೀ ಅರೆಯುವುದಿಲ್ಲ, ರಸದಿಂದ ಕರಗಿಸುತ್ತದೆ ಅನ್ನುವುದು ಹಾಗೆ ಖಚಿತವಾಯಿತು. ಸೇಂಟ್ ಮಾರ್ಟಿನ್‌ಗೆ ಇದರಿಂದ ಬೇಜಾರಾಗಿ ಊರಿಗೆ ಹೊರಟುಹೋದ. ನನಗೆ ಅವನ ಕಡೆಗೇ ಹೆಚ್ಚು ಸಹಾನುಭೂತಿ.

ಲಿವರ್ ಆಗಲೇ ಸಿಕ್ಕಿದೆ: ಬಲಗಡೆ, ಪಕ್ಕೆಲುಬಿನ ಒಳಗೆ, ಒಂದೂವರೆ ಕಿಲೋ ಹತ್ತಿರ. ಅದರ ಕೆಳಗೆ ಪಿತ್ತಕೋಶ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ಪಿತ್ತಕೋಶ ಬರೀ ಕೂಡಿಡುತ್ತದೆ. ಪ್ರತಿ ಪರೀಕ್ಷೆಯಲ್ಲೂ ಯಾರಾದರೂ ಇದನ್ನು ಉಲ್ಟಾ ಬರೆಯುತ್ತಾರೆ. ಪಿತ್ತಕೋಶದ ನೋವು ಕೆಲವರಿಗೆ ಬಲ ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಪಕ್ಕದ ವಪೆಗೆ ಬರುವ ನರ ಹುಟ್ಟುವುದು ಕುತ್ತಿಗೆಯಲ್ಲಿ, ಭುಜದ ಚರ್ಮದ ನರ ಹುಟ್ಟುವುದೂ ಅಲ್ಲೇ. ಮೇದೋಜೀರಕ (ಪ್ಯಾಂಕ್ರಿಯಾಸ್) ಕೈಗೆ ಸಿಗುವುದಿಲ್ಲ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡ ಮಲಗಿದೆ, ಅದರ ನೋವು ಬೆನ್ನಿಗೆ ಹೊಡೆಯುತ್ತದೆ.

ಕರುಳು ಅಳೆಯಿರಿ

ಟೈಲರ್ ಟೇಪಿನ ಉದ್ದ 150 ಸೆಂ.ಮೀ. ದೊಡ್ಡ ಕರುಳು ಸುಮಾರು ಒಂದು ಟೇಪು. ಸಣ್ಣ ಕರುಳು ಸುಮಾರು ನಾಲ್ಕು ಟೇಪು, ಅಂದರೆ 6 ಮೀಟರ್. ಇದು ಸತ್ತ ಮೇಲೆ ಸ್ನಾಯು ಸಡಿಲವಾದಾಗಿನ ಅಳತೆ, ಬದುಕಿರುವಾಗ ಇದಕ್ಕಿಂತ ಗಿಡ್ಡ. ನೂಲನ್ನು 6 ಮೀಟರ್ ಕತ್ತರಿಸಿ ಅಂಗೈಯಲ್ಲಿ ಮಡಚಿ ಹಿಡಿದು ನೋಡಿ. ಮೊದಲ 25 ಸೆಂ.ಮೀ. ಡ್ಯುಯೋಡಿನಂ, ಪಿತ್ತ ಮತ್ತು ಮೇದೋಜೀರಕದ ರಸ ಬಂದು ಸೇರುವುದು ಅಲ್ಲಿಗೆ. ಉಳಿದದ್ದರಲ್ಲಿ ಮೊದಲ ಐದನೇ ಎರಡು ಪಾಲು ಜೆಜುನಂ, ನಂತರದ್ದು ಇಲಿಯಂ.

ದಿನಕ್ಕೆ ಕುಡಿದದ್ದು ಎರಡು ಲೀಟರ್ ಇರಬಹುದು. ಎಂಜಲು, ಜಠರರಸ, ಪಿತ್ತ, ಮೇದೋಜೀರಕದ ರಸ, ಕರುಳಿನ ರಸ ಎಲ್ಲ ಸೇರಿ ಕರುಳಿಗೆ ಬರುವ ದ್ರವ ಎಂಟೊಂಬತ್ತು ಲೀಟರ್. ಮಲದಲ್ಲಿ ಹೊರಹೋಗುವುದು 100–200 ಮಿ.ಲೀ. ಮಾತ್ರ. ಹೆಚ್ಚಿನದನ್ನು ಸಣ್ಣ ಕರುಳೇ ವಾಪಸ್ ಹೀರುತ್ತದೆ. ಈ ಲೆಕ್ಕ ಗೊತ್ತಿದ್ದರೆ ಭೇದಿಯಾದ ಮಗು ಕೆಲವೇ ಗಂಟೆಯಲ್ಲಿ ಯಾಕೆ ಬಾಡುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ಭೇದಿಯಲ್ಲೂ ಕರುಳು ಗ್ಲೂಕೋಸ್ ಜೊತೆಗೆ ಉಪ್ಪನ್ನು ಹೀರುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ಗ್ಲೂಕೋಸ್, ಉಪ್ಪು ಬೆರೆಸಿದ ಓಆರ್‌ಎಸ್ ನೀರು ಕೆಲಸ ಮಾಡುವುದು ಹೀಗೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಮನೆಯವರ ಕೈಯಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟಕ್ಕೇ ಪೂರ್ತಿ ಪ್ಯಾಕೆಟ್ ಹಾಕಿ, ಅಂದಾಜಿಗೆ ಬೇಡ.

ಕೊನೆಯ ಬಿಂದಿ ಅಪೆಂಡಿಕ್ಸಿಗೆ, ಅಂದರೆ ದೊಡ್ಡ ಕರುಳು ಶುರುವಾಗುವಲ್ಲಿ ಅಂಟಿಕೊಂಡ ಪುಟ್ಟ ಬಾಲಕ್ಕೆ. ಸೊಂಟದ ಬಲಮೂಳೆಯ ಮುಂದಿನ ಮೊನೆಯಿಂದ ಹೊಕ್ಕುಳಿಗೆ ನೂಲು ಹಿಡಿಯಿರಿ. ಮೂರು ಪಾಲು ಮಾಡಿ, ಮೂಳೆಯ ಕಡೆಯಿಂದ ಒಂದು ಪಾಲು ಬಂದಲ್ಲಿ ಅಂಟಿಸಿ. ನ್ಯೂಯಾರ್ಕಿನ ಸರ್ಜನ್ ಮೆಕ್‌ಬರ್ನಿ 1889ರಲ್ಲಿ ಹೇಳಿದ ಜಾಗ. ಅಪೆಂಡಿಕ್ಸ್ ನೋವು ಶುರುವಾಗೋದು ಸಾಮಾನ್ಯವಾಗಿ ಹೊಕ್ಕುಳ ಸುತ್ತ, ಆಮೇಲೆ ಈ ಬಿಂದಿಗೆ ಇಳಿಯುತ್ತದೆ. ಹಾಗೆ ನೋವು ಜಾಗ ಬದಲಿಸಿದರೆ ಹರಳೆಣ್ಣೆ ಕುಡಿಸಬೇಡಿ, ಒತ್ತಿ ಒತ್ತಿ ನೋಡಬೇಡಿ, ಡಾಕ್ಟರ ಹತ್ತಿರ ಹೋಗಿ.

ಸ್ಟೆತಸ್ಕೋಪನ್ನು ಈ ಬಿಂದಿಯ ಹತ್ತಿರವೇ ಇಟ್ಟು ಕೇಳಿ, ಗುಳುಗುಳು ಸದ್ದು ಚೆನ್ನಾಗಿ ಸಿಗುತ್ತದೆ. ನಿಮಿಷಕ್ಕೆ 5ರಿಂದ 30 ಇರಬಹುದು. ಬೆಳಗ್ಗೆ ಕಾಫಿ ಕುಡಿದ ಮೇಲೆ ಜೋರಾಗುತ್ತದೆ, ಜಠರಕ್ಕೆ ಏನಾದರೂ ಬಿದ್ದರೆ ದೊಡ್ಡ ಕರುಳಿಗೂ ಚಾಲನೆ ಸಿಗುತ್ತದೆ. ಮುಂದಿನದು ನಿಮಗೇ ಗೊತ್ತು.

ಈಗ ಚಿತ್ರ

ಚಿತ್ರ ಯಾವಾಗಲೂ ಎದುರು ನಿಂತ ಮನುಷ್ಯನದು. ಅವರ ಎಡ ನಿಮ್ಮ ಹಾಳೆಯ ಬಲ. ಹಾಳೆಯ ಮೇಲೆ ‘ಬಲ’, ‘ಎಡ’ ಅಂತ ಪೆನ್ಸಿಲಿನಲ್ಲಿ ಬರೆದುಕೊಂಡೇ ಶುರು ಮಾಡಿ. ಮೊದಲು ವಪೆಯ ಗುಮ್ಮಟ, ಬಲಗಡೆ ಸ್ವಲ್ಪ ಎತ್ತರ. ಮೇಲೆ ಶ್ವಾಸನಾಳ ಮತ್ತು ಎರಡು ಶ್ವಾಸಕೋಶ. ಕೆಳಗೆ ದೊಡ್ಡ ಕರುಳನ್ನು ಚೌಕಟ್ಟಿನಂತೆ ಎಳೆಯಿರಿ: ಬಲದಲ್ಲಿ ಏರಿ, ಅಡ್ಡ ಹೋಗಿ, ಎಡದಲ್ಲಿ ಇಳಿಯುತ್ತದೆ. ಚೌಕಟ್ಟಿನ ಮೇಲೆ ಬಲಕ್ಕೆ ಲಿವರ್, ಎಡಕ್ಕೆ ಜಠರ. ಸಣ್ಣ ಕರುಳನ್ನು ಕೊನೆಗೆ ನಡುವೆ ತುಂಬಿಸಿ. ಸಣ್ಣ ಕರುಳಿನಿಂದ ಶುರು ಮಾಡಿದವರ ಚಿತ್ರದಲ್ಲಿ ದೊಡ್ಡ ಕರುಳಿಗೆ ಜಾಗವೇ ಇರುವುದಿಲ್ಲ. ಅನ್ನನಾಳವನ್ನು ಶ್ವಾಸನಾಳದ ಹಿಂದೆ ಚುಕ್ಕೆ ಗೆರೆಯಲ್ಲಿ ತೋರಿಸಿ, ಅದು ವಪೆಯನ್ನು ತೂರಿ ಜಠರ ಸೇರಬೇಕು. ಹೆಸರು ಬರೆಯುವ ಗೆರೆಗಳು ಒಂದನ್ನೊಂದು ದಾಟಬಾರದು. ಗುಲ್ಮವನ್ನು (ಸ್ಪ್ಲೀನ್) ಬರೆಯಬೇಡಿ, ಜಠರದ ಪಕ್ಕದಲ್ಲಿದ್ದರೂ ಅದು ಈ ವ್ಯವಸ್ಥೆಗೆ ಸೇರಿದ್ದಲ್ಲ. ಬರೆದರೆ ಅರ್ಧ ಅಂಕ ನಾನೇ ಕಳೆಯುತ್ತೇನೆ.